ನೂರಕ್ಕೆ 25 ಮಂದಿಗೇ ಖಾಯಂ: ಅಗ್ನಿವೀರನ ಅಂಕದ ಲೆಕ್ಕ

ಬೆಳಗಾವಿ: ಮಗ ಮಿಲಿಟರಿಗೆ ಸೇರಿದ ಅಂದರೆ ಮೊದಲೆಲ್ಲ ಮನೆಯವರು ನಿಶ್ಚಿಂತರು. ಹದಿನೈದು ವರ್ಷ ದುಡಿದರೆ ಪೆನ್‌ಷನ್ ಬರುತ್ತಿತ್ತು. ಓಟದಲ್ಲೋ ಗುರಿಯಲ್ಲೋ ಒಮ್ಮೆ ಹಿಂದೆ ಬಿದ್ದರೂ ಉಸ್ತಾದರ ಬೈಗುಳ ತಿಂದು ಮತ್ತೆ ಪರೀಕ್ಷೆಗೆ ನಿಂತರಾಯಿತು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದದ್ದೇ ತಡ, ಆ ಲೆಕ್ಕ ಬುಡಮೇಲಾಯಿತು.

ಈಗ ನೌಕರಿ ನಾಲ್ಕು ವರ್ಷ. ಆಮೇಲೆ ಒಂದು ತಂಡದಲ್ಲಿ ಹೆಚ್ಚೆಂದರೆ ನೂರಕ್ಕೆ 25 ಮಂದಿ ಖಾಯಂ ಅಂತ ಯೋಜನೆ ಹೇಳಿತು. ಮಿಕ್ಕವರ ಕೈಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ. ಅದರಲ್ಲೂ ಅರ್ಧ ಪಾಲು ಹುಡುಗನ ಸಂಬಳದಿಂದ ಮುರಿದುಕೊಂಡದ್ದೇ! ಪೆನ್‌ಷನ್ ಇಲ್ಲ, ಗ್ರಾಚ್ಯುಟಿಯೂ ಇಲ್ಲ.

ಹಾಗಾದರೆ ಉಳಿಯುವ ಆ 25 ಮಂದಿ ಯಾರು? ನಾಲ್ಕು ವರ್ಷದ ಸಾಧನೆಯನ್ನೂ ನೋಡಿ ಆರಿಸುತ್ತೇವೆ ಅಂತ ಸರ್ಕಾರದ ಮಾತು. ಅಂದರೆ ಹಿಂದೆ ತರಬೇತಿ ತಿದ್ದಲು ಇಡುತ್ತಿದ್ದ ಲೆಕ್ಕ ಈಗ ಅನ್ನದ ಲೆಕ್ಕವೂ ಆಯಿತು.

ಅಂಕದ ಕಾಟ ಭರ್ತಿ ಮೈದಾನದಲ್ಲೇ ಶುರು. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದವನಿಗೆ 60 ಅಂಕ, ಹತ್ತು ಪುಲ್‌ಅಪ್ ಎಳೆದರೆ 40. ಒಳಗೆ ಹೋದ ಮೇಲೆ ರೈಫಲ್ ಹಿಡಿದು 5 ಕಿಲೋಮೀಟರ್ ಓಟ, ಹಗ್ಗ ಹತ್ತೋದು, 9 ಅಡಿ ಹಳ್ಳ ಹಾರೋದು, ಗುಂಡು ಹೊಡೆಯೋದು. ಇಲ್ಲಿ ವಶೀಲಿ ನಡೆಯೋದು ಕಷ್ಟ. ಗಡಿಯಾರಕ್ಕೆ ಯಾರ ಮುಲಾಜೂ ಇಲ್ಲ, ಗುರಿಹಲಗೆಯ ತೂತನ್ನು ಯಾರು ಬೇಕಾದರೂ ಎಣಿಸಬಹುದು.

ತೊಡಕು ಇರೋದು ಬೇರೆ ಕಡೆ. ನಡುರಾತ್ರಿ ಪಹರೆಯಲ್ಲಿ ಕಣ್ಣು ಮುಚ್ಚದವನು, ಕುಸಿದ ಜೊತೆಗಾರನ ಮೂಟೆಯನ್ನೂ ಹೊತ್ತು ನಡೆದವನು, ಇವರಿಗೆ ಎಷ್ಟು ಅಂಕ? ಅದನ್ನು ಗಡಿಯಾರ ಹೇಳೋದಿಲ್ಲ, ಮೇಲಿನವರ ಕಣ್ಣೇ ಹೇಳಬೇಕು. ಕಣ್ಣು ಅಂದ ಮೇಲೆ ಮೆಚ್ಚಿನವನು, ಮೆಚ್ಚದವನು ಇದ್ದೇ ಇರುತ್ತಾರೆ. ಇನ್ನೊಂದು ಮಾತು. ನಾಲ್ವರಲ್ಲಿ ಒಬ್ಬನೇ ಉಳಿಯೋದಾದರೆ, ಪಕ್ಕದ ಮಂಚದವನಿಗೆ ಗುರಿ ಹಿಡಿಯೋದು ಹೇಳಿಕೊಡಲು ಯಾರಿಗೆ ಮನಸ್ಸು ಬಂದೀತು? ಪಲ್ಟನ್ ನಡೆಯೋದೇ ಹೇಳಿಕೊಡುವವರಿಂದ. ಹೇಳಿಕೊಟ್ಟದ್ದಕ್ಕೂ ಅಂಕ ಇಟ್ಟರೆ ತಪ್ಪೇನು?

ಯಾವುದರಲ್ಲಿ ಎಷ್ಟು ಬಂತು, ಎಲ್ಲಿ ಕಡಿಮೆ ಬಿತ್ತು ಅನ್ನೋದು ಹುಡುಗನಿಗೆ ಆಗಿಂದಾಗ್ಗೆ ಗೊತ್ತಾಗಬೇಕು. ಕೊನೆಯ ವರ್ಷ ಗೊತ್ತಾದರೆ ತಿದ್ದಿಕೊಳ್ಳೋದು ಯಾವಾಗ?

ಇಲ್ಲಿನ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಮೊದಲ ತಂಡದ ಅಗ್ನಿವೀರರು ತರಬೇತಿ ಶುರು ಮಾಡಿದ್ದು 2023ರ ಜನವರಿಯಲ್ಲಿ. ಆಗಸ್ಟ್‌ನಲ್ಲಿ ಕವಾಯತು ಮುಗಿಸಿ ಹೊರಬಿದ್ದರು. ಅವರ ನಾಲ್ಕು ವರ್ಷ ತುಂಬುವ ಗಡುವು 2027ರ ಹೊಸ ವರ್ಷದ ಆಸುಪಾಸು.