ಯುವಜನರು, ಅಂತರಜಾಲ ಮತ್ತು ಆತ್ಮಹತ್ಯೆ ತಡೆ: ಪೋಷಕರಿಗೆ ಮಾಹಿತಿ

ಮನಸ್ಸಿನ ನೋವನ್ನು ಮನೆಯವರೊಡನೆ ಹೇಳಿಕೊಳ್ಳಲಾಗದ ಅನೇಕ ಯುವಕ ಯುವತಿಯರು ಮೊದಲು ಅಂತರಜಾಲದ ಮೊರೆ ಹೋಗುತ್ತಾರೆ. ಅಲ್ಲಿ ಅವರಿಗೆ ಸಹಾಯವಾಣಿಯ ಸಂಖ್ಯೆಯೂ ದೊರೆಯಬಹುದು, ಹತಾಶೆಯನ್ನು ವೈಭವೀಕರಿಸುವ ಚಿತ್ರ ಹಾಗೂ ಬರಹಗಳೂ ದೊರೆಯಬಹುದು. ಸಾಮಾಜಿಕ ಜಾಲತಾಣಗಳು ಒಮ್ಮೆ ನೋಡಿದ ವಿಷಯವನ್ನು ಹೋಲುವಂತಹುದನ್ನೇ ಮತ್ತೆ ಮತ್ತೆ ಮುಂದಿಡುತ್ತವೆ. ಕ್ರಿಕೆಟ್ ನೋಡುವವರಿಗೆ ಇದರಿಂದ ಹೆಚ್ಚಿನ ಬಾಧಕವಿಲ್ಲ. ಖಿನ್ನತೆಯಲ್ಲಿರುವವರಿಗೆ ಇದು ಅಪಾಯಕಾರಿ.

ಬ್ರಿಟನ್ನಿನ 14 ವರ್ಷದ ಬಾಲಕಿ ಮಾಲಿ ರಸೆಲ್ 2017ರಲ್ಲಿ ಮೃತಪಟ್ಟಳು. ಸಾವಿನ ಕಾರಣದ ಬಗ್ಗೆ ವಿಚಾರಣೆ ನಡೆಸಿದ ಅಧಿಕಾರಿಯು, ಖಿನ್ನತೆಯೊಂದಿಗೆ ಅಂತರಜಾಲದ ವಿಷಯಗಳ ದುಷ್ಪರಿಣಾಮವೂ ಆಕೆಯ ಮೇಲಾಗಿತ್ತೆಂದು 2022ರಲ್ಲಿ ದಾಖಲಿಸಿದರು. ಆಕೆ ಏನನ್ನು ನೋಡುತ್ತಿದ್ದಳೆಂಬುದು ಮನೆಯವರಿಗೆ ತಿಳಿದಿರಲಿಲ್ಲ.

ಇಂತಹ ಸಂದರ್ಭದಲ್ಲಿ ಮೊಬೈಲ್ ಕಸಿದುಕೊಳ್ಳುವುದೊಂದೇ ಪರಿಹಾರವಲ್ಲ. ಅದರಿಂದ ಸ್ನೇಹಿತರ ಆಸರೆಯೂ ತಪ್ಪಬಹುದು, ಮಾತು ಇನ್ನಷ್ಟು ಕಡಿಮೆಯಾಗಬಹುದು. ವಿದಾಯದಂತಹ ಸಂದೇಶ ಕಳುಹಿಸುವುದು, ನಿದ್ರೆಗೆಡುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು ಕಂಡುಬಂದಲ್ಲಿ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಶಾಂತವಾಗಿ ಕೇಳತಕ್ಕದ್ದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ನಿರಾಧಾರವಾದುದು. ಭಾವಚಿತ್ರ ಬಹಿರಂಗಪಡಿಸುವ ಬೆದರಿಕೆಯೊಡ್ಡಿ ಯಾರಾದರೂ ಹಣ ಕೇಳುತ್ತಿದ್ದಲ್ಲಿ ಮಕ್ಕಳನ್ನು ದೂಷಿಸದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ನೀಡಬೇಕು. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಬೆದರಿಸುವವರಿಗೆ ಅನುಕೂಲ.

ಮಾನಸಿಕ ನೆರವಿಗಾಗಿ ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಆಪ್ತಸಮಾಲೋಚನೆ ಲಭ್ಯವಿದೆ. ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ಪೋಷಕರು, ಸ್ನೇಹಿತರು ಸಹ ಕರೆ ಮಾಡಬಹುದು. ಅವಶ್ಯವಿದ್ದಲ್ಲಿ ತಜ್ಞ ವೈದ್ಯರ ಸಂಪರ್ಕ ಒದಗಿಸಲಾಗುತ್ತದೆ. ಈ ಸಂಖ್ಯೆಯನ್ನು ಅಗತ್ಯ ಬೀಳುವ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ಮೊಬೈಲ್ ಹಾಗೂ ಅಂತರಜಾಲದ ಅತಿ ಬಳಕೆಯಿಂದ ಹೊರಬರಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ.

ಪೊಲೀಸ್ ಮೊಕದ್ದಮೆಗೆ ಹೆದರಿ ಕೆಲವು ಕುಟುಂಬಗಳು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿಯು, ಅನ್ಯಥಾ ಸಾಬೀತಾಗದ ಹೊರತು, ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸತಕ್ಕದ್ದು. ಅಂತಹವರಿಗೆ ಶಿಕ್ಷೆ ವಿಧಿಸುವಂತಿಲ್ಲ. ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಪ್ರಾಣಾಪಾಯವಿದ್ದಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು.