ಸಾರಜನಕದಲ್ಲಿ ಸಾರವೆಷ್ಟು?

ಕಳೆದ ಬೇಸಿಗೆಯ ರಜೆಯಲ್ಲಿ ಸಂಸಾರ ಸಮೇತನಾಗಿ ಉಡುಪಿಗೆ ಹೊರಟಿದ್ದೆ. ಬೆಂಗಳೂರಿನ ಎಲ್ಲೆಯನ್ನು ದಾಟುವ ಮುನ್ನ ಪೆಟ್ರೋಲ್ ಬಂಕೊಂದರಲ್ಲಿ ಕಾರನ್ನು ನಿಲ್ಲಿಸಿ, ಚಕ್ರಗಳಿಗೆ ಗಾಳಿ ತುಂಬಿಸಲು ಹೇಳಿದೆ. ಅಲ್ಲಿದ್ದ ಹುಡುಗ ನಗುಮುಖದಿಂದ ಬಂದು, “ಗಾಳಿಯೋ ಸಾರ್, ನೈಟ್ರೋಜನ್ನೋ?” ಎಂದು ಕೇಳಿದ. ಕಾಫಿಯೋ ಟೀಯೋ ಎಂದು ಹೋಟೆಲಿನ ಮಾಣಿ ಕೇಳುವ ಧಾಟಿ ಅದು!

ಗಾಳಿ ಬಿಟ್ಟಿ. ನೈಟ್ರೋಜನ್ನಿಗೆ ಚಕ್ರವೊಂದಕ್ಕೆ 50 ರೂಪಾಯಿ. ಸ್ಟೆಪ್ನಿಯೂ ಸೇರಿದರೆ 250. ನಾನು ಹಿಂದೆಮುಂದೆ ನೋಡುತ್ತಿರುವುದನ್ನು ಕಂಡು ಹುಡುಗ, “ಬಿಸಿಲು ಜಾಸ್ತಿ ಸಾರ್, ಘಾಟಿ ಬೇರೆ ಇಳೀಬೇಕು. ನೈಟ್ರೋಜನ್ ಹಾಕಿಸಿದ್ರೆ ಟೈರು ಸಿಡಿಯೋಲ್ಲ. ಆರು ತಿಂಗಳು ಚೆಕ್ ಮಾಡ್ಸೋದೇ ಬೇಡ” ಎಂದ. ಹಿಂದಿನ ಸೀಟಿನಿಂದ ನನ್ನಾಕೆ, “ಮಕ್ಕಳನ್ನ ಕೂರಿಸಿಕೊಂಡು ಹೋಗ್ತಿದ್ದೀವಿ. ದುಡ್ಡಿನ ಮುಖ ನೋಡಬೇಡಿ, ಹಾಕಿಸಿಬಿಡಿ” ಎಂದಳು. ಈ ವಾದಕ್ಕೆ ಪ್ರತಿವಾದ ಹೂಡಬಲ್ಲ ಗಂಡ ಇನ್ನೂ ಹುಟ್ಟಬೇಕಾಗಿದೆ. ಹಾಕಿಸಿದೆ.

ಆದರೆ ಶಿರಾಡಿ ಘಾಟಿಯನ್ನು ಇಳಿಯುವಾಗಲೂ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ನಾನು ಕೊಂಡದ್ದು ಸುರಕ್ಷತೆಯನ್ನೋ, ಸುರಕ್ಷತೆಯೆಂಬ ಮಾತನ್ನೋ? ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಶೋಧಿಸಿದಾಗ ತಿಳಿದುಬಂದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಬಿಟ್ಟಿ ಗಾಳಿಯಲ್ಲಿರುವುದೇನು?

ನೈಟ್ರೋಜನ್ ಎಂದರೆ ಶಾಲೆಯ ಪಠ್ಯಪುಸ್ತಕದಲ್ಲಿ ನಾವೆಲ್ಲರೂ ಓದಿದ ಸಾರಜನಕವೇ. 1772ರಲ್ಲಿ ಸ್ಕಾಟ್ಲೆಂಡಿನ ಡೇನಿಯಲ್ ರುದರ್‌ಫರ್ಡ್ ಇದನ್ನು ಗಾಳಿಯಿಂದ ಬೇರ್ಪಡಿಸಿ ಗುರುತಿಸಿದ. ನಾವು ಉಸಿರಾಡುವ ಒಣಗಾಳಿಯಲ್ಲಿ ಶೇಕಡಾ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಆರ್ಗಾನ್ ಮೊದಲಾದ ಅನಿಲಗಳು. ಎಂದಮೇಲೆ ಬಂಕಿನ ಬಿಟ್ಟಿ ಗಾಳಿಯನ್ನು ತುಂಬಿಸಿದಾಗಲೂ ಚಕ್ರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕವೇ ಇರುತ್ತದೆ!

ಬಂಕಿನ ಯಂತ್ರವೂ ಸಾರಜನಕವನ್ನು ಸೃಷ್ಟಿಸುವುದಿಲ್ಲ. ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಒತ್ತಿ, ಅದರಿಂದ ಆಮ್ಲಜನಕವನ್ನೂ ತೇವವನ್ನೂ ಬಹುಮಟ್ಟಿಗೆ ಸೋಸಿ ತೆಗೆದು, ಉಳಿದುದನ್ನು ಚಕ್ರಕ್ಕೆ ಕಳುಹಿಸುತ್ತದೆ. ನಾವು ಹಣ ತೆರುವುದು ಈ ಸೋಸುವಿಕೆಗೆ. ಅದರಿಂದ ದೊರೆಯುವ ಪ್ರಯೋಜನವೇನು?

ವಿಮಾನದ ಉದಾಹರಣೆ

“ವಿಮಾನದ ಚಕ್ರಕ್ಕೂ ಇದನ್ನೇ ತುಂಬುತ್ತಾರೆ” ಎಂಬುದು ಮಾರುವವರ ಮೊದಲನೆಯ ಅಸ್ತ್ರ. ಮಾತು ನಿಜ, ಅದರ ಹಿಂದೆ ದಾರುಣವಾದ ಕಥೆಯೂ ಇದೆ. 1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಮೇಲೇರಿದ ಬೋಯಿಂಗ್ 727 ವಿಮಾನವೊಂದು ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 167 ಮಂದಿಯೂ ಮೃತರಾದರು. ಬಿಗಿದುಕೊಂಡಿದ್ದ ಬ್ರೇಕಿನಿಂದ ಚಕ್ರವು ಅತಿಯಾಗಿ ಕಾದಿತ್ತು. ಆ ಚಕ್ರಕ್ಕೆ ಸಾರಜನಕದ ಬದಲು ಸಾಮಾನ್ಯ ಗಾಳಿಯನ್ನು ತುಂಬಲಾಗಿತ್ತು. ಕಾದ ರಬ್ಬರಿನಿಂದ ಹೊರಟ ಆವಿಯು ಗಾಳಿಯ ಆಮ್ಲಜನಕದೊಡನೆ ಕೂಡಿ, ಟೈರು ಆಕಾಶದಲ್ಲಿಯೇ ಸ್ಫೋಟಿಸಿತು. ಮರುವರ್ಷವೇ ಅಮೆರಿಕದ ವಿಮಾನಯಾನ ಇಲಾಖೆಯು ದೊಡ್ಡ ವಿಮಾನಗಳ ಚಕ್ರಗಳಿಗೆ ಸಾರಜನಕವನ್ನು ಕಡ್ಡಾಯಗೊಳಿಸಿತು.

ಆದರೆ ಪ್ರಯಾಣಿಕ ವಿಮಾನದ ಚಕ್ರದಲ್ಲಿ ಒತ್ತಡವು ಚದರ ಅಂಗುಲಕ್ಕೆ ಸುಮಾರು 200 ಪೌಂಡು; ನಮ್ಮ ಕಾರಿನದು 30ರಿಂದ 35. ಹತ್ತಾರು ಟನ್ ತೂಕದ ವಿಮಾನವನ್ನು ನಿಲ್ಲಿಸುವ ಬ್ರೇಕಿನ ಬೆಂಕಿಯಂಥ ಕಾವು ಎಲ್ಲಿ, ಸಂಸಾರವೊಂದನ್ನು ಹೊತ್ತು ಸಾಗುವ ಕಾರಿನ ಬ್ರೇಕಿನ ಕಾವು ಎಲ್ಲಿ? ಆನೆಗೆ ಹಾಕುವ ಸರಪಣಿಯನ್ನು ಆಡಿನ ಕೊರಳಿಗೆ ಹಾಕಿ ಹೆಮ್ಮೆಪಟ್ಟಂತೆ ಈ ಹೋಲಿಕೆ.

ಸೋರಿಕೆಯ ಲೆಕ್ಕ

ಎರಡನೆಯ ಮಾತು, ಸಾರಜನಕ ಬೇಗ ಸೋರುವುದಿಲ್ಲವೆಂಬುದು. ಇದರಲ್ಲಿ ಸತ್ಯಾಂಶವಿದೆ. ರಬ್ಬರು ನಮ್ಮ ಕಣ್ಣಿಗೆ ಎಷ್ಟೇ ಗಟ್ಟಿಯಾಗಿ ಕಂಡರೂ ಅನಿಲಗಳು ಅದರ ಮೂಲಕ ಮೆಲ್ಲಮೆಲ್ಲನೆ ನುಸುಳುತ್ತಲೇ ಇರುತ್ತವೆ. ಆಮ್ಲಜನಕ ಬೇಗ ನುಸುಳುತ್ತದೆ, ಸಾರಜನಕ ನಿಧಾನವಾಗಿ. ಆದರೆ ವ್ಯತ್ಯಾಸವೆಷ್ಟು?

ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಎಂಬ ಬಳಕೆದಾರರ ಪತ್ರಿಕೆಯು ಇದನ್ನು ಅಳೆದು ನೋಡಿತು. 2006ರ ಸೆಪ್ಟೆಂಬರಿನಲ್ಲಿ 31 ಮಾದರಿಗಳ ಟೈರುಗಳನ್ನು ಜೋಡಿಯಾಗಿ ತಂದು, ಪ್ರತಿ ಜೋಡಿಯಲ್ಲಿ ಒಂದಕ್ಕೆ ಗಾಳಿ, ಇನ್ನೊಂದಕ್ಕೆ ಸಾರಜನಕವನ್ನು 30 ಪೌಂಡಿನವರೆಗೆ ತುಂಬಿ, ಒಂದು ವರ್ಷ ಬಯಲಿನಲ್ಲಿಟ್ಟರು. ವರ್ಷದ ಕೊನೆಗೆ ಗಾಳಿಯ ಟೈರುಗಳು ಸರಾಸರಿ 3.5 ಪೌಂಡು ಕಳೆದುಕೊಂಡಿದ್ದವು, ಸಾರಜನಕದವು 2.2 ಪೌಂಡು. ಇಡೀ ವರ್ಷಕ್ಕೆ ಅಂತರ ಕೇವಲ 1.3 ಪೌಂಡು! ಗಮನಿಸಬೇಕಾದುದು ಇನ್ನೊಂದಿದೆ: ಸಾರಜನಕವೂ ಸೋರಿತು. ಆದುದರಿಂದ ಒತ್ತಡವನ್ನು ಪರೀಕ್ಷಿಸುವ ಶ್ರಮ ಯಾರಿಗೂ ತಪ್ಪಿದ್ದಲ್ಲ.

ಬಿಸಿಲಿನ ಮಾತು

ಸಾರಜನಕ ಬಿಸಿಗೆ ಹಿಗ್ಗುವುದಿಲ್ಲವೆಂಬ ಮೂರನೆಯ ಮಾತಂತೂ ಶುದ್ಧ ಸುಳ್ಳು. ಮುಚ್ಚಿದ ಪಾತ್ರೆಯಲ್ಲಿ ಕಾವೇರಿದಂತೆಲ್ಲ ಒತ್ತಡವೇರುವುದು ಎಲ್ಲ ಅನಿಲಗಳಿಗೂ ಸಮಾನವಾದ ಧರ್ಮ. ಮುಂಜಾನೆ 32 ಪೌಂಡು ಇದ್ದ ಚಕ್ರದಲ್ಲಿ, ಕಾವು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆ ಪೌಂಡು ಏರುತ್ತದೆ, ಒಳಗಿರುವುದು ಗಾಳಿಯಾದರೂ ಅಷ್ಟೆ, ಸಾರಜನಕವಾದರೂ ಅಷ್ಟೆ. ವ್ಯತ್ಯಾಸ ತೋರಿಸಬಲ್ಲುದು ನೀರಿನ ಅಂಶ. ಪಂದ್ಯದ ಕಾರಿನವರು ಒಣ ಸಾರಜನಕವನ್ನು ಮೆಚ್ಚುವುದು ಇದೇ ಕಾರಣಕ್ಕೆ. ಅವರಿಗೆ ಅರ್ಧ ಪೌಂಡಿನ ಏರುಪೇರೂ ಸೋಲು ಗೆಲುವಿನ ಪ್ರಶ್ನೆ. ನಮಗಾದರೋ, ಬಂಕಿನವರು ತಮ್ಮ ಕಂಪ್ರೆಸರಿನಲ್ಲಿ ನಿಂತ ನೀರನ್ನು ಆಗಾಗ ಬಸಿದರೆ ಸಾಕು.

ನಿಜವಾದ ಅಪಾಯ

ಹಾಗಾದರೆ ಸಾರಜನಕದಿಂದ ಹಾನಿಯೇನೂ ಇಲ್ಲವಷ್ಟೆ, ಹೋದರೆ 250 ರೂಪಾಯಿ ಎನ್ನಬಹುದು. ನಾನೂ ಹಾಗೆಯೇ ಎಂದುಕೊಂಡಿದ್ದೆ, ನನ್ನ ಭಾವನವರ ಅನುಭವವನ್ನು ಕೇಳುವವರೆಗೆ.

ಅವರು ಸಾರಜನಕದಲ್ಲಿ ಅಪಾರ ಶ್ರದ್ಧೆಯುಳ್ಳವರು. ಯುಗಾದಿಯ ಸುಮಾರಿಗೆ ತುಂಬಿಸಿ, “ಇನ್ನು ನಿಶ್ಚಿಂತೆ” ಎಂದು ದೀಪಾವಳಿಯವರೆಗೂ ಒಮ್ಮೆಯಾದರೂ ಒತ್ತಡವನ್ನು ನೋಡಿಸಲಿಲ್ಲ. ಹಬ್ಬಕ್ಕೆಂದು ಮಕ್ಕಳೊಡನೆ ಹಾಸನಕ್ಕೆ ಹೋಗುವಾಗ, ಮಧ್ಯಾಹ್ನದ ಹೆದ್ದಾರಿಯಲ್ಲಿ ಹಿಂದಿನ ಎಡಚಕ್ರ ಸಿಡಿಯಿತು. ಪುಣ್ಯವಶಾತ್ ಹಿಂದೆ ಲಾರಿಯಿರಲಿಲ್ಲ. ಕಾರು ಓಲಾಡಿ ರಸ್ತೆಯ ಬದಿಯಲ್ಲಿ ನಿಂತಿತು. ಟೈರು ರಿಪೇರಿಯವನು ಬಿಚ್ಚಿ ನೋಡಿದರೆ, ಎಂದೋ ಚುಚ್ಚಿದ್ದ ಸಣ್ಣ ಮೊಳೆ. ಅದರ ಪಕ್ಕದಿಂದ ದಿನದಿನವೂ ಸಾರಜನಕ ಸೋರಿಹೋಗಿತ್ತು.

ಒತ್ತಡ ಕುಗ್ಗಿದ ಚಕ್ರದ ಪಾರ್ಶ್ವಗಳು ಪ್ರತಿ ಸುತ್ತಿನಲ್ಲಿಯೂ ಮಡಿಚಿ ಬಿಚ್ಚಿಕೊಳ್ಳುತ್ತವೆ. ಆ ಮಡಿಚುವಿಕೆಯಿಂದಲೇ ಕಾವು ಹುಟ್ಟಿ, ಒಳಗಿನ ನೂಲಿನ ಪದರಗಳು ಸಡಿಲಗೊಂಡು ಟೈರು ಸಿಡಿಯುತ್ತದೆ. ಒಳಗೆ ಯಾವ ಅನಿಲವಿದೆ ಎಂಬುದಕ್ಕಿಂತ ಎಷ್ಟಿದೆ ಎಂಬುದೇ ಮುಖ್ಯ. “ಆರು ತಿಂಗಳು ಚೆಕ್ ಮಾಡ್ಸೋದೇ ಬೇಡ” ಎಂಬ ಭರವಸೆಯೇ ಸಾರಜನಕದ ಜೊತೆಗೆ ನಾವು ಕೊಳ್ಳುವ ಅಪಾಯ.

ಮಾಡಬೇಕಾದುದಿಷ್ಟು

ತಿಂಗಳಿಗೊಮ್ಮೆ, ದೂರ ಪ್ರಯಾಣಕ್ಕೆ ಮುನ್ನ ತಪ್ಪದೆ, ಚಕ್ರ ತಣ್ಣಗಿರುವಾಗ ಒತ್ತಡವನ್ನು ನೋಡಿಸಬೇಕು. ಎಷ್ಟಿರಬೇಕೆಂಬುದನ್ನು ಬಹುಪಾಲು ಕಾರುಗಳಲ್ಲಿ ಚಾಲಕನ ಬಾಗಿಲಿನ ಕಂಬದ ಮೇಲಣ ಚೀಟಿಯಲ್ಲಿ ಅಚ್ಚುಮಾಡಿರುತ್ತಾರೆ. ಟೈರಿನ ಮೇಲಿರುವ ಗರಿಷ್ಠ ಒತ್ತಡದ ಅಂಕಿ ಅದಲ್ಲ. ಓಡಿ ಕಾದ ಚಕ್ರದಲ್ಲಿ ಒತ್ತಡ ಹೆಚ್ಚಾಗಿದೆಯೆಂದು ಬಿಡಿಸಬಾರದು; ತಣಿದ ಮೇಲೆ ಅದು ಕಡಿಮೆಯಾಗಿಬಿಡುತ್ತದೆ. ಸ್ಟೆಪ್ನಿಯನ್ನು ಮರೆಯಬಾರದು. ಈಗಾಗಲೇ ಸಾರಜನಕ ತುಂಬಿಸಿರುವವರು ಕಡಿಮೆಯಾದಾಗ ಸಾಮಾನ್ಯ ಗಾಳಿಯನ್ನು ಸೇರಿಸಲು ಹೆದರಬೇಕಾಗಿಲ್ಲ. ಎರಡಕ್ಕೂ ಜಗಳವಿಲ್ಲ, ಅವು ಹುಟ್ಟಿದಂದಿನಿಂದ ಒಂದೇ ಮನೆಯಲ್ಲಿರುವವು.

ಇದನ್ನೆಲ್ಲ ಕೇಳಿದ ನನ್ನಾಕೆ, “ಹಾಗಾದ್ರೆ ಆವತ್ತು ಕೊಟ್ಟದ್ದು ದಂಡವೇ?” ಎಂದಳು. “ಪಾಠದ ಫೀಜು ಎಂದುಕೋ” ಎಂದೆ. ಮರುದಿನ ಒತ್ತಡ ಅಳೆಯುವ ಪುಟ್ಟ ಮಾಪಕವೊಂದನ್ನು ಕೊಂಡುತಂದೆ. ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ ಬೆಳಗ್ಗೆ ನನ್ನ ಮಗ ಚಕ್ರದಿಂದ ಚಕ್ರಕ್ಕೆ ಓಡಾಡಿ ಅಂಕಿಗಳನ್ನು ಕೂಗಿ ಹೇಳುತ್ತಾನೆ. ಮಗಳು ಕ್ಯಾಲೆಂಡರಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾಳೆ. ಒಳಗೆ ತುಂಬಿರುವುದು ಬಿಟ್ಟಿ ಗಾಳಿಯೇ. ಘಾಟಿಯನ್ನು ಇಳಿಯುವಾಗ ಹಿಂದಿನ ಸೀಟಿನವರು ಈಗ ಕಾರಣವಿದ್ದೇ ನಿದ್ದೆಮಾಡುತ್ತಾರೆ.