ಗಂಟೆ ಬಾರಿಸಿದರೆ ಮಾತ್ರ!

ಮಕ್ಕಳೇ, ಕೆ.ಜಿ.ಎಫ್.ನ ನಂದಿದುರ್ಗ ಚಿನ್ನದ ಗಣಿಯ ಹೆಸರು ಕೇಳಿದ್ದೀರಾ? ಇಲ್ಲಿನ ಗಣಿಗಾರಿಕೆ 2001ರಲ್ಲಿ ನಿಂತಿತು. ಗಣಿಗಳಲ್ಲಿ ಕಾರ್ಮಿಕರನ್ನು ಆಳಕ್ಕೆ ಇಳಿಸಲು ‘ಕೇಜ್’ ಎಂಬ ಕಬ್ಬಿಣದ ಪಂಜರವಿರುತ್ತದೆ. ಗಂಟೆಯ ಸಂಜ್ಞೆ ಬಾರದೆ ಅದರ ಯಂತ್ರವನ್ನು ಓಡಿಸುವಂತಿಲ್ಲ.

ನಮ್ಮ ಜೀವಕೋಶದಲ್ಲೂ ಇಂಥದೇ ಏರ್ಪಾಡಿದೆ. ಮೊಣಕಾಲು ತರಚಿದಾಗ ಚರ್ಮದ ಜೀವಕೋಶಗಳು ಒಂದು ಎರಡಾಗುತ್ತ ಗಾಯವನ್ನು ಮುಚ್ಚುತ್ತವೆ. ಈ ವಿಭಜನೆಯ ಯಂತ್ರವೇ ‘ಸಿಡಿಕೆ’ ಎಂಬ ಪ್ರೋಟೀನು. ಒಂಟಿಯಾಗಿದ್ದಾಗ ಅದು ಸುಮ್ಮನಿರುತ್ತದೆ. ‘ಸೈಕ್ಲಿನ್’ ಎಂಬ ಇನ್ನೊಂದು ಪ್ರೋಟೀನು ಬಂದು ಅಂಟಿಕೊಂಡರೆ ಗಂಟೆ ಬಾರಿಸಿದಂತೆ; ಕೆಲಸ ಶುರು! ಕೆಲಸ ಮುಗಿದೊಡನೆ ಜೀವಕೋಶವು ಸೈಕ್ಲಿನ್ನನ್ನು ಒಡೆದುಹಾಕುತ್ತದೆ. ಯಂತ್ರ ನಿಲ್ಲುತ್ತದೆ.

ಜೀವಕೋಶದ ಡಿ.ಎನ್.ಎ.ಗೆ ಹಾನಿಯಾಗಿದ್ದರೆ? ‘ಪಿ53’ ಎಂಬ ಕಾವಲುಗಾರ ಪ್ರೋಟೀನು ಎಚ್ಚೆತ್ತು, ಮತ್ತೊಂದು ಪ್ರೋಟೀನಿನ ಮೂಲಕ ಈ ಜೋಡಿಯನ್ನು ತಡೆಯುತ್ತದೆ. ದುರಸ್ತಿಗೆ ಸಮಯ ಸಿಗುತ್ತದೆ. ಇಂಥ ತಡೆಗಳೇ ಕೆಟ್ಟರೆ ಜೀವಕೋಶಗಳು ಅಂಕೆಯಿಲ್ಲದೆ ಹೆಚ್ಚಿ ಕ್ಯಾನ್ಸರ್ ಬರಬಹುದು.

ಟಿಮ್ ಹಂಟ್ 1982ರಲ್ಲಿ ಸೈಕ್ಲಿನ್ನನ್ನು ಕಂಡದ್ದು ಮೈತುಂಬ ಮುಳ್ಳಿರುವ ಕಡಲಪ್ರಾಣಿಯೊಂದರ ಮೊಟ್ಟೆಗಳಲ್ಲಿ. ಅವರಿಗೂ ಲೀಲೆಂಡ್ ಹಾರ್ಟ್‌ವೆಲ್, ಪಾಲ್ ನರ್ಸ್ ಅವರಿಗೂ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಮಾಡಿ ನೋಡಿ: ಈರುಳ್ಳಿಯ ಬುಡ ನೀರಿಗೆ ತಾಗುವಂತೆ ಅದನ್ನು ಲೋಟದ ಮೇಲಿಡಿ. ಕೆಲವೇ ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಅದರ ತುದಿಯಲ್ಲೂ ಇದೇ ಗಂಟೆ ಬಾರಿಸುತ್ತಿದೆ!